ಮೂರು ಪಟ್ಟಿಯ ಕೋಟು

ಊಟ ತನ್ನ ಇಚ್ಛೆ, ನೋಟ ಪರರ ಇಚ್ಛೆ ಎಂದು ಗಾದೆ. ಉಣ್ಣುವಾಗ ಮನುಷ್ಯನು ತನ್ನ ನಾಲಗೆಯೊಂದನ್ನು ಕೇಳಿದರೆ ಸಾಕು; ಉಡುವಾಗ ಮಾತ್ರ ಬೀದಿಯ ಕಣ್ಣುಗಳನ್ನೆಲ್ಲ ಕೇಳಬೇಕಾಗುತ್ತದೆ. ಆದರೆ ಗಾದೆ ಮಾಡಿದ ಹಿರಿಯರು ಒಂದು ಮಾತನ್ನು ಹೇಳದೆ ಬಿಟ್ಟರು. ಆ ‘ಪರರಲ್ಲಿ’ ಅಂಗಡಿಯವರಿದ್ದಾರೆ, ಗೆಳೆಯರಿದ್ದಾರೆ, ಮನೆಯ ಕಟ್ಟೆಯ ಮೇಲೆ ಕುಳಿತ ತಂದೆಯೂ ಇದ್ದಾನೆ. ಇವರಲ್ಲಿ ಯಾರ ನೋಟವನ್ನು ಮೆಚ್ಚಿಸಬೇಕೆಂಬುದು ತೊಡುವವನಿಗೇ ಬಿಟ್ಟ ತಲೆನೋವು. ರಾಯಚೂರಿನ ಒಬ್ಬ ತರುಣನಿಗೆ ಈ ತಲೆನೋವು ಬಂದದ್ದು ಒಂದು ಮಿಲಿಟರಿ ಜಾಕೆಟ್ಟಿನ ದೆಸೆಯಿಂದ.

ರಾಯಚೂರಿನಲ್ಲಿ ಚಳಿಗಾಲವೆಂಬುದು ದೂರದ ನಂಟನಿದ್ದಂತೆ. ಬರುವುದು ತಡ, ಹೊರಡುವುದು ಬೇಗ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ನೆಲದಲ್ಲಿ ಬೇಸಗೆಯ ಬಿಸಿ 40 ಡಿಗ್ರಿಯನ್ನು ಲೀಲಾಜಾಲವಾಗಿ ದಾಟುತ್ತದೆ. ಅದನ್ನುಂಡು ಬೆಳೆದ ಮೈಗೆ ಡಿಸೆಂಬರಿನ ಬೆಳಗಿನ ತಣ್ಣಗಿನ ಗಾಳಿ ಸೋಕಿದರೆ ಹಿಮಾಲಯವೇ ಇಳಿದು ಬಂದಂತೆ ತೋರುತ್ತದೆ. ಆಗ ತೀನ್ ಕಂದೀಲಿನ ಸುತ್ತಲಿನ ಪೇಟೆಯಲ್ಲಿ ಸ್ವೆಟರು, ಶಾಲು, ಜಾಕೆಟ್ಟುಗಳು ಅಂಗಡಿಗಳ ಬಾಗಿಲಿಗೆ ಬಂದು ತೂಗಾಡತೊಡಗುತ್ತವೆ. ಕಚೇರಿಯೊಂದರಲ್ಲಿ ಹೊಸದಾಗಿ ಗುಮಾಸ್ತನಾಗಿ ಸೇರಿದ್ದ ನಮ್ಮ ತರುಣನ ಕಿಸೆಯಲ್ಲಿ ಮೊದಲ ಸಂಬಳವಿತ್ತು. ತಾಯಿಗೊಂದು ಸೀರೆ, ತಂದೆಗೊಂದು ಜೋಡಿ ಧೋತರ, ಅಜ್ಜಿಗೊಂದು ಶಾಲು ಕೊಂಡಾದ ಮೇಲೆ ತನ್ನ ಪಾಲಿನದೂ ಏನಾದರೂ ಇರಲೆಂದು ಆತ ತಲೆಯೆತ್ತಿ ನೋಡಿದನು. ಬಾಗಿಲಲ್ಲಿ ತೂಗಾಡುತ್ತಿದ್ದ ಹಸುರು ಜಾಕೆಟ್ಟು ಅವನನ್ನು ನೋಡಿತು.

“ಪಕ್ಕಾ ಮಿಲಿಟರಿ ಮಾಲು ಸಾರ್,” ಎಂದನು ಅಂಗಡಿಯವನು.

ಆಲಿವ್ ಕಾಯಿಯ ಮಾಸಲು ಹಸುರು; ಎದೆಯ ಮೇಲೆರಡು, ಸೊಂಟದ ಕೆಳಗೆರಡು, ಹೀಗೆ ನಾಲ್ಕು ಕಿಸೆಗಳು; ಹೆಗಲ ಮೇಲೆ ಗುಂಡಿಯಿಂದ ಬಿಗಿದ ಪಟ್ಟಿಗಳು. ಇಷ್ಟಕ್ಕೇ ನಿಂತಿದ್ದರೆ ಈ ಕಥೆಯೂ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಎದೆಯ ಮೇಲೆ ಯಾರದೋ ಪರದೇಶಿಯ ಹೆಸರು, ಅದರ ಮೇಲೊಂದು ರೆಕ್ಕೆ ಬಿಚ್ಚಿದ ಹದ್ದು, ತೋಳಿನ ಮೇಲೆ ಕೋನಾಕಾರದ ಮೂರು ಪಟ್ಟಿಗಳನ್ನೂ ಹೊಲಿದಿದ್ದರು. ಅದು ಯಾವ ದೇಶದ ಯಾವ ದಂಡಿನದೆಂದು ಹೊಲಿದವರನ್ನು ಕೇಳಿದರೂ ಉತ್ತರ ದೊರೆಯಲಾರದು. ತರುಣನು ಕನ್ನಡಿಯ ಮುಂದೆ ನಿಂತನು. ಕಚೇರಿಯ ಮೇಜಿನ ಮೇಲೆ ಬಗ್ಗಿ ಬಗ್ಗಿ ಆಗಲೇ ಇಳಿಯತೊಡಗಿದ್ದ ಭುಜಗಳು ತಾವಾಗಿ ಮೇಲೆದ್ದವು. ಎರಡು ಸಾವಿರಕ್ಕೆ ನೂರು ರೂಪಾಯಿ ಕಡಿಮೆ ಕೊಟ್ಟು, ತೊಟ್ಟುಕೊಂಡೇ ಹೊರಬಿದ್ದನು.

ಅವನನ್ನು ನಗುವುದು ಸುಲಭ. ಆದರೆ ನಗುವ ಮುನ್ನ ಓದುಗರು ತಮ್ಮ ಮನೆಯ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡುವುದೊಳ್ಳೆಯದು. ಚಳಿ ಬಂದೊಡನೆ ತಾತಂದಿರು ಕಿವಿ ಮುಚ್ಚುವಂತೆ ಎಳೆದುಕೊಳ್ಳುವ ಮಂಕಿ ಟೋಪಿ ಇದೆಯಷ್ಟೆ, ಇಂಗ್ಲಿಷರು ಅದಕ್ಕೆ ಬಾಲಕ್ಲಾವಾ ಎನ್ನುತ್ತಾರೆ. ಅದು ಕ್ರಿಮಿಯಾ ಯುದ್ಧದಲ್ಲಿ 1854ರ ಅಕ್ಟೋಬರಿನಲ್ಲಿ ಕಾಳಗ ನಡೆದ ಊರಿನ ಹೆಸರು. ಅದೇ ಕಾಳಗದಲ್ಲಿ ಕುದುರೆ ದಳವನ್ನು ನಡೆಸಿದ ಅರ್ಲ್ ಆಫ್ ಕಾರ್ಡಿಗನ್ ಎಂಬ ಸರದಾರನ ಹೆಸರೇ ಅಧ್ಯಾಪಿಕೆಯರ ಮುಂಗುಂಡಿಯ ಸ್ವೆಟರಿಗೆ ಬಂದಿದೆ. ಪಾರಸಿಯಲ್ಲಿ ಖಾಕ್ ಎಂದರೆ ಧೂಳು. 1846ರಲ್ಲಿ ಪೇಶಾವರದಲ್ಲಿ ಕಟ್ಟಿದ ಗೈಡ್ಸ್ ಪಡೆಯವರು ಗುಡ್ಡದ ಧೂಳಿನಲ್ಲಿ ಧೂಳಾಗಿ ಕಾಣಬೇಕೆಂದು ಆ ಬಣ್ಣವನ್ನು ತೊಟ್ಟರು. ಮಂಗಳೂರಿನ ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆಯ ಕಾರ್ಖಾನೆಯಲ್ಲಿ ಹಾಲರ್ ಎಂಬಾತನು 1850ರ ದಶಕದ ಮೊದಲಲ್ಲಿ ತೊಳೆದರೂ ಬಿಡದಂಥ ಖಾಕಿ ಬಣ್ಣವನ್ನು ಸಿದ್ಧಮಾಡಿದನೆಂದು ಕರಾವಳಿಯ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಹೀಗೆ ಸಿಪಾಯಿಯ ಬಟ್ಟೆ ಸಂಸಾರಿಗನ ಮನೆಗೆ ಬರುವುದು ಹೊಸತಲ್ಲ. ಅದು ಗಟ್ಟಿ, ಅದಕ್ಕೆ ಕಿಸೆ ಹೆಚ್ಚು, ಕೊಳೆ ಕಾಣುವುದಿಲ್ಲ. ಸಂಸಾರಿಗನಿಗೆ ಬೇಕಾದದ್ದೂ ಅದೇ ಅಲ್ಲವೆ?

ತರುಣನ ಜಾಕೆಟ್ಟಿಗೂ ಒಂದು ವಂಶಾವಳಿಯುಂಟು. ಎರಡನೆಯ ಮಹಾಯುದ್ಧ ನಡೆದಿದ್ದಾಗ, 1943ರಲ್ಲಿ, ಅಮೆರಿಕದ ಸೈನ್ಯ ತನ್ನವರಿಗೆ ನಾಲ್ಕು ದೊಡ್ಡ ಕಿಸೆಗಳ ಹಸುರು ಜಾಕೆಟ್ಟೊಂದನ್ನು ಕೊಟ್ಟಿತು. 1951ರಲ್ಲಿ ಅದನ್ನು ತಿದ್ದಿ, 1965ರಲ್ಲಿ ಮತ್ತೆ ತಿದ್ದಿ, ಕೊರಳಪಟ್ಟಿಯೊಳಗೆ ಮಡಿಸಿಡುವ ಟೋಪಿಯನ್ನು ಸೇರಿಸಿ ‘ಎಂ-65’ ಎಂದು ಹೆಸರಿಟ್ಟಿತು. ವಿಯೆಟ್ನಾಮಿನ ಯುದ್ಧದಿಂದ ಮರಳಿದವರು ಅದನ್ನು ತೊಟ್ಟು ಊರಿನ ಬೀದಿಗಳಲ್ಲಿ ನಡೆದರು. ಆ ಯುದ್ಧ ಬೇಡವೆಂದು ಕೂಗಿದ ವಿದ್ಯಾರ್ಥಿಗಳೂ ಸೈನ್ಯದ ಹಳೆಯ ಮಾಲಿನ ಅಂಗಡಿಗಳಲ್ಲಿ ಅದನ್ನೇ ಕೊಂಡು ತೊಟ್ಟರು. ಅಂದಿನಿಂದ ಇಂದಿನವರೆಗೆ ಅದು ಜಗತ್ತಿನ ಪೇಟೆಗಳನ್ನೆಲ್ಲ ಸುತ್ತಿ, ಹತ್ತಿಯನ್ನು ದಾರಿಯಲ್ಲೆಲ್ಲೋ ಕಳೆದುಕೊಂಡು, ಪಾಲಿಯೆಸ್ಟರಾಗಿ ರಾಯಚೂರಿಗೆ ಬಂದಿದೆ.

ಶನಿವಾರ ಸಂಜೆ ತರುಣನು ದೇವದುರ್ಗದ ಬಸ್ಸು ಹಿಡಿದನು. ಬಸ್ಸು ನಿಲ್ದಾಣದ ಬಳಿಯೇ ರಾಯಚೂರಿನ ಕೋಟೆ; 1294ರ ಶಾಸನವನ್ನು ಎದೆಯ ಮೇಲೆ ಕೆತ್ತಿಸಿಕೊಂಡ ದೈತ್ಯ ಬಂಡೆ ಅದರ ಗೋಡೆಯಲ್ಲಿದೆ. ಈ ಕೋಟೆಗಾಗಿ 1520ರ ಮೇ ತಿಂಗಳ ಉರಿಬಿಸಿಲಿನಲ್ಲಿ ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನೂ ಕಾದಾಡಿದರು. ಕೆಲವು ವರ್ಷಗಳ ಮೇಲೆ ವಿಜಯನಗರಕ್ಕೆ ಬಂದಿದ್ದ ನೂನಿಜ್ ಎಂಬ ಪೋರ್ಚುಗೀಸನು ಆ ದಂಡಯಾತ್ರೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ರಾಯರ ಬಿಲ್ಲುಗಾರರೂ ಕೋವಿಯವರೂ ತೊಟ್ಟಿದ್ದುದು ಪದರ ಪದರವಾಗಿ ಹೊಲಿದ ದಪ್ಪ ಅಂಗಿಗಳಂತೆ. ತಲೆಯ ಕಾಪಿಗೂ ಹತ್ತಿಯನ್ನೇ ತುಂಬಿ ಹೊಲಿದಿದ್ದರಂತೆ. ಎಂದರೆ ರಾಯಚೂರು ಕಂಡ ಮಿಲಿಟರಿ ಜಾಕೆಟ್ಟು ಇಂದು ನಿನ್ನೆಯದಲ್ಲ, 500 ವರ್ಷ ಮೀರಿದ್ದು. ಅದೂ ಹತ್ತಿಯದು. ಹತ್ತಿಯ ಮೂಟೆಗಳು ರಾಶಿ ಬೀಳುವ ಊರಿನಲ್ಲಿ ಈಗ ಕಾರ್ಖಾನೆಯ ನೂಲಿನ ಸಿಪಾಯಿ ಅಂಗಿ ಮಾರುತ್ತಾರೆ. ತರುಣನಿಗೆ ಇದಾವುದರ ಯೋಚನೆಯೂ ಇರಲಿಲ್ಲ. ತುಂಬಿದ ಬಸ್ಸಿನಲ್ಲಿ ಅವನ ಬೆನ್ನು ಬೆವರುತ್ತಿತ್ತು. ಆದರೂ ಗುಂಡಿ ಬಿಚ್ಚಲು ಮನಸ್ಸು ಬರಲಿಲ್ಲ.

ದೇವದುರ್ಗದಲ್ಲಿಳಿದಾಗ ಕತ್ತಲಾಗಿತ್ತು. ಮನೆಯ ಬಾಗಿಲಲ್ಲಿ ಅಜ್ಜಿ ಕುಳಿತಿದ್ದಳು. ಬೀದಿಯ ದೀಪದ ಬೆಳಕಿನಲ್ಲಿ ಹಸುರು ಕೋಟು, ಹೆಗಲಪಟ್ಟಿ, ತೋಳಿನ ಗುರುತುಗಳು ತನ್ನತ್ತ ನಡೆದುಬರುತ್ತಿರುವುದನ್ನು ಕಂಡು ಮುದುಕಿ ಗೋಡೆ ಹಿಡಿದು ಮೇಲೆದ್ದಳು. ಒಂದು ಕೈ ಬಾಗಿಲಿನ ಮೇಲೆ ಹೋಯಿತು.

“ಯಾರ್ರೀ? ಯಾರು ಬೇಕಾಗಿತ್ತು ನಿಮಗ?”

“ಯಜ್ಜೀ, ನಾನು,” ಎಂದು ತರುಣನು ನಕ್ಕನು. ಅಜ್ಜಿ ನಗಲಿಲ್ಲ. ಅವನ ಮುಖ ಸವರಿದ ಆಕೆಯ ಬೆರಳುಗಳು ಕೊಂಚ ನಡುಗುತ್ತಿದ್ದವು.

ಆ ನಡುಕದ ಮೂಲ ಬಹಳ ಹಿಂದಿನದು. 1948ರಲ್ಲಿ ಅಜ್ಜಿ ಲಂಗ ತೊಟ್ಟ ಹುಡುಗಿ. ರಾಯಚೂರು ಜಿಲ್ಲೆ ಆಗ ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿತ್ತು. ರಜಾಕಾರರು ಬಂದರೆಂಬ ಸುದ್ದಿ ಹಬ್ಬಿದರೆ ಹಳ್ಳಿಗಳಲ್ಲಿ ಹಗಲಿನಲ್ಲಿಯೇ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲವದು. ಆ ವರ್ಷದ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನದೊಳಗೆ ನಡೆಯಿತು. 17ರಂದು ನಿಜಾಮನು ಶರಣಾದನು. ಬಾಗಿಲು ಹಾಕಿಸಿದವರೂ ಸಮವಸ್ತ್ರದವರೇ, ತೆರೆಸಿದವರೂ ಸಮವಸ್ತ್ರದವರೇ. ಅವರಲ್ಲಿ ಯಾರು ಬಂದರೆಂದು ಕತ್ತಲಲ್ಲಿ ಗುರುತಿಸುವ ಭಾರ ಮಾತ್ರ ಬಾಗಿಲೊಳಗಿನ ಹೆಂಗಸರದು. ಸಿಪಾಯಿಯ ಅಂಗಿ ಕೇವಲ ಬಟ್ಟೆಯಾಗಿದ್ದರೆ ಆ ಮುದುಕಿ ಏಕೆ ಬೆಚ್ಚುತ್ತಿದ್ದಳು?

ಒಳಗೆ ತಂದೆ ಕುಳಿತಿದ್ದನು. ಆತ ಸೈನ್ಯದಿಂದ ಹವಲ್ದಾರನಾಗಿ ನಿವೃತ್ತನಾಗಿ ಬಂದು ಊರಿನಲ್ಲಿ ಹತ್ತಿ ಬೆಳೆಯುವವನು. ಮಾತು ಕಡಿಮೆ. ಮಗನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದನು. ಕವಾಯತಿನ ಮೈದಾನದಲ್ಲಿ ಹೊಸಬರನ್ನು ನೋಡಿದ ನೋಟವದು.

“ಚಲೋ ಐತಿ. ಎಷ್ಟು ಕೊಟ್ಟಿ?”

“ಎರಡು ಸಾವಿರಕ್ಕ ನೂರು ಕಡಿಮಿ, ಅಪ್ಪಾ.”

ತಂದೆಯ ಹೆಬ್ಬೆರಳು ತೋಳಿನ ಗುರುತಿನ ಮೇಲೆ ಮೆಲ್ಲಗೆ ಸರಿಯಿತು. “ಈ ಮೂರು ಪಟ್ಟೀನೂ ಅದರಾಗ ಬಂದ್ವೇನು?”

“ಹೂನಪ್ಪಾ, ಅವೂ ಅದರಾಗ.”

“ಸೋವಿ ಆತು,” ಎಂದನು ತಂದೆ. “ನನಗ ಹದಿನಾಲ್ಕು ವರ್ಷ ಹಿಡೀತು.”

ಅಷ್ಟೇ. ಬೈಗುಳಿಲ್ಲ, ಬುದ್ಧಿವಾದವಿಲ್ಲ. ತಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಮ್ಮೆ ಇತ್ತ ನೋಡಿ, ಮತ್ತೆ ಬಡಿಯತೊಡಗಿದಳು. ನಮ್ಮ ಸೈನ್ಯದಲ್ಲಿ ಒಂದು ಪಟ್ಟಿ ಲ್ಯಾನ್ಸ್ ನಾಯಕನಿಗೆ, ಎರಡು ನಾಯಕನಿಗೆ, ಮೂರು ಹವಲ್ದಾರನಿಗೆ. ಈ ಲೆಕ್ಕ ತರುಣನಿಗೆ ಬಾಲ್ಯದಿಂದ ಗೊತ್ತಿದ್ದದ್ದೇ. ರಜೆಯಲ್ಲಿ ಬರುತ್ತಿದ್ದ ತಂದೆಯ ತೋಳಿನ ಮೇಲೆ ಆತ ಅವನ್ನು ಎಣಿಸಿಯೂ ಇದ್ದನು. ಗೊತ್ತಿದ್ದೂ ಅಂಗಡಿಯ ಕನ್ನಡಿಯ ಮುಂದೆ ನೆನಪಾಗಲಿಲ್ಲ. ಗುರುತು ಪೇಟೆಯಲ್ಲಿ ದೊರೆಯುವಂತಾದಾಗ ಅದರ ಹಿಂದಿನ ವರ್ಷಗಳು ಕಣ್ಣಿಗೆ ಬೀಳುವುದಿಲ್ಲ. ಇದು ಅವನೊಬ್ಬನ ತಪ್ಪಲ್ಲ.

ಅಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ತರುಣನು ಹಳೆಯ ಬ್ಲೇಡೊಂದನ್ನು ಹುಡುಕಿ ತಂದು, ಮೂರು ಪಟ್ಟಿಗಳನ್ನೂ ಹದ್ದನ್ನೂ ಪರದೇಶಿಯ ಹೆಸರನ್ನೂ ಒಂದೊಂದೇ ಹೊಲಿಗೆ ಬಿಡಿಸಿ ತೆಗೆದನು. ಕಾನೂನಿನ ಮಾತೂ ಅವನಿಗೆ ನೆನಪಾಗದಿರಲಿಲ್ಲ. ಕಚೇರಿಯ ಪರೀಕ್ಷೆಗಾಗಿ ಓದಿದ್ದನಷ್ಟೆ. ಸೈನಿಕನಲ್ಲದವನು ತನ್ನನ್ನು ಸೈನಿಕನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಸೈನಿಕನ ಉಡುಪನ್ನೋ ಗುರುತನ್ನೋ ಧರಿಸುವುದು ಅಪರಾಧ. ಹಿಂದೆ ಅದು ದಂಡ ಸಂಹಿತೆಯ 140ನೆಯ ಕಲಮಾಗಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 168ನೆಯ ಕಲಮು. ಮೂರು ತಿಂಗಳವರೆಗೆ ಸೆರೆ, ಎರಡು ಸಾವಿರದವರೆಗೆ ದಂಡ, ಇಲ್ಲವೆ ಎರಡೂ. ಜಾಕೆಟ್ಟಿನ ಬೆಲೆಗಿಂತ ದಂಡವೇ ನೂರು ರೂಪಾಯಿ ಹೆಚ್ಚು! ಚಳಿಗೆಂದು ಜಾಕೆಟ್ಟು ತೊಟ್ಟವನಿಗೆ ಆ ಉದ್ದೇಶವಿರುವುದಿಲ್ಲ, ನಿಜ. ಆದರೂ 2016ರ ಜನವರಿಯಲ್ಲಿ ಪಠಾಣಕೋಟೆಯ ವಾಯುನೆಲೆಯ ಮೇಲೆ ದಾಳಿ ಮಾಡಿದವರು ಸೈನಿಕರ ಉಡುಪಿನಲ್ಲಿ ಬಂದಿದ್ದರು. ಅದಾದೊಡನೆ ಸೈನ್ಯವು ನಾಗರಿಕರು ಸೈನಿಕ ಮಾದರಿಯ ಚಿತ್ತಾರದ ಬಟ್ಟೆ ತೊಡಬಾರದೆಂದೂ ಅಂಗಡಿಗಳವರು ಮಾರಬಾರದೆಂದೂ ಕೇಳಿಕೊಂಡಿತು. 2022ರ ಜನವರಿ 15ರ ಸೈನ್ಯ ದಿನದಂದು ಹೊಸ ಕದನ ಉಡುಪು ಹೊರಬಂದ ಮೇಲೆ ಅದರ ವಿನ್ಯಾಸದ ಹಕ್ಕನ್ನೂ ಸೈನ್ಯವು ತನ್ನ ಹೆಸರಿನಲ್ಲಿ ದಾಖಲಿಸಿಕೊಂಡಿತು. ಎಲೆ ಚುಕ್ಕೆಗಳ ಚಿತ್ತಾರ ಅಂಗಡಿಯಲ್ಲಿ ಎಷ್ಟೇ ಸೊಗಸಾಗಿ ಕಂಡರೂ ಅದನ್ನು ತೊಡದಿರುವುದೇ ಮರ್ಯಾದೆ.

ಬೆಳಗಾಗುವ ಮೊದಲೇ ತಂದೆ ಹೊಲಕ್ಕೆ ಹೊರಟಿದ್ದನು. ಮಗನೂ ಹಿಂಬಾಲಿಸಿದನು. ಗುರುತು ಕಿತ್ತ ಜಾಕೆಟ್ಟಿನ ಮೇಲೆ ಸೂಜಿಯ ತೂತುಗಳ ಸಾಲುಗಳು ಉಳಿದಿದ್ದವು. ತಂದೆ ಅದನ್ನು ಕಂಡನೋ ಇಲ್ಲವೋ, ಮಾತನಾಡಲಿಲ್ಲ. ಇಬ್ಬನಿಯ ಹತ್ತಿಯ ಸಾಲುಗಳ ನಡುವೆ ನಡೆದಾಗ ಚಳಿಗೆ ಹಿತವಾಗಿತ್ತು. ಬಿಸಿಲೇರುತ್ತಿದ್ದಂತೆ ಪಾಲಿಯೆಸ್ಟರಿನ ಅಸ್ತರು ಬೆನ್ನಿಗೆ ಅಂಟಿ ಒಳಗೆಲ್ಲ ಒದ್ದೆಯಾಯಿತು. ಹೊರಗೆ ಅರಳಿದ ಹತ್ತಿ, ಒಳಗೆ ಬೆಂದ ಮೈ! ತಂದೆ ಮಾತ್ರ ತನ್ನ ಹಳೆಯ ಹಸುರು ಕೋಟಿನಲ್ಲಿ ಒಣಗಿದ್ದನು.

ಆ ಕೋಟು ದಪ್ಪ ಹತ್ತಿಯ ಬಟ್ಟೆಯದು. ಚಿತ್ತಾರವಿಲ್ಲದ ಬರಿಯ ಹಸುರು. ಸೇವೆಯ ಕಾಲದ ಬಿಸಿಲು ಮಳೆಗಳಲ್ಲಿ ತೊಳೆದು ತೊಳೆದು ಮೆತ್ತಗಾಗಿತ್ತು. ಊರಿಗೆ ಬಂದ ದಿನವೇ ಅದರ ಪಟ್ಟಿಗಳನ್ನು ತನ್ನ ಕೈಯಾರೆ ಬಿಚ್ಚಿ, ಕಾಗದದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದನು. ಗಳಿಸಿದವನೇ ಬಿಚ್ಚಿಟ್ಟ ಗುರುತನ್ನು ಗಳಿಸದವನು ಹೊಲಿಸಿಕೊಂಡು ಬಂದಿದ್ದನು. ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚುವಾಗ ತಂದೆಗೇಕೋ ಮಾತು ಬಂದಿತು. ಹೆಗಲಪಟ್ಟಿ ಅಂದಕ್ಕಾಗಿ ಬಂದುದಲ್ಲ. ಹೆಗಲಿಗೆ ಹಾಕಿದ ಚೀಲದ, ಬಂದೂಕಿನ ಪಟ್ಟಿ ಜಾರದಂತೆ ಹಿಡಿಯುವುದಕ್ಕೆ. ಎದೆಯ ಕಿಸೆಯ ಮುಚ್ಚಳಕ್ಕೆ ಗುಂಡಿ ಏಕೆಂದರೆ, ತೆವಳಿ ಹೋಗುವಾಗ ಒಳಗಿನದು ಬೀಳಬಾರದು. ಕೆಳಗಿನ ಕಿಸೆ ಅಷ್ಟು ದೊಡ್ಡದೇಕೆಂದರೆ, ಹೊತ್ತಿನ ಊಟ ಅದರಲ್ಲಿ ಹಿಡಿಯಬೇಕು. ಸೊಂಟದ ಒಳಗಿನ ದಾರ ಗಾಳಿ ನುಗ್ಗದಂತೆ ಬಿಗಿಯುವುದಕ್ಕೆ. ಬಣ್ಣ ಕಾಣಿಸಿಕೊಳ್ಳುವುದಕ್ಕಲ್ಲ, ಕಾಣಿಸದಿರುವುದಕ್ಕೆ.

ತರುಣನು ಕೇಳುತ್ತ ಕುಳಿತನು. ಎಲ್ಲರ ಕಣ್ಣಿಗೆ ಬೀಳಲೆಂದು ಆತ ಕೊಂಡಿದ್ದುದು, ಯಾರ ಕಣ್ಣಿಗೂ ಬೀಳಬಾರದೆಂದು ಹುಟ್ಟಿದ ಬಟ್ಟೆಯಾಗಿತ್ತು.

ತಂದೆ ಇನ್ನೊಂದು ಸಂಗತಿಯನ್ನೂ ಹೇಳಿದನು. ತನ್ನ ಪಲ್ಟನಿನ ಕೊಡವ ಸುಬೇದಾರರೊಬ್ಬರ ಮಗನ ಮದುವೆಗೆ ಆತ ಹಿಂದೆ ಕೊಡಗಿಗೆ ಹೋಗಿದ್ದನು. ಅಲ್ಲಿಯ ಗಂಡಸರು ಮೊಳಕಾಲಿನವರೆಗಿನ ಕಪ್ಪು ಕುಪ್ಯ ತೊಟ್ಟು, ನಡುವಿಗೆ ಕೆಂಪು ರೇಷ್ಮೆಯ ಚೇಲೆ ಸುತ್ತಿ, ಅದರಲ್ಲಿ ಪೀಚೆಕತ್ತಿ ಸಿಕ್ಕಿಸಿಕೊಂಡು ನಿಂತಿದ್ದರು. ಮದುಮಗನದು ಬಿಳಿಯ ಕುಪ್ಯ. ಅದೂ ಯೋಧರ ಉಡುಗೆಯೇ. 1949ರ ಜನವರಿ 15ರಂದು ಭಾರತದ ಸೈನ್ಯದ ಮೊದಲ ಭಾರತೀಯ ದಂಡನಾಯಕರಾದ ಕಾರ್ಯಪ್ಪನವರ ನಾಡು ಅದು. ಆದರೂ ಆ ಮದುವೆಯಲ್ಲಿ ಯಾರೂ ಯಾರ ಪದವಿಯನ್ನೂ ತೊಟ್ಟಿರಲಿಲ್ಲ. ಕುಪ್ಯ ಎಲ್ಲರದು, ಪದಕ ಪಡೆದವರದು.

ಆ ಮಾತಿಗೆ ಮದುವೆಯ ನೆನಪಾಯಿತು. ಧನುರ್ಮಾಸ ಹಿಡಿಯುವ ಮೊದಲೇ ಮುಗಿಸಬೇಕೆಂದು ಮಾನ್ವಿಯಲ್ಲಿ ಸೋದರಮಾವನ ಮಗನ ಮದುವೆ ಮುಂದಿನ ವಾರವೇ ಇತ್ತು. ತರುಣನಿಗೆ ಅಲ್ಲಿ ತೊಡಲು ಈ ಜಾಕೆಟ್ಟಲ್ಲದೆ ಬೇರೆ ಹೊಸ ಬಟ್ಟೆಯಿರಲಿಲ್ಲ. ತಂದೆ ಎದ್ದು ತನ್ನ ಕೋಟನ್ನು ಬಿಚ್ಚಿ, ಕೊಡವಿ, ಮಗನ ಹೆಗಲಿನ ಮೇಲೆ ಹಾಕಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದನು.

“ಹೆಗಲು ಸ್ವಲ್ಪ ದೊಡ್ಡದಾತು. ಮಾನ್ವ್ಯಾಗ ನಿಮ್ಮ ಮಾವನ ಓಣ್ಯಾಗ ಟೇಲರ್ ಅದಾನ, ಸರಿ ಮಾಡಿ ಕೊಡ್ತಾನ.”

ದೇವದುರ್ಗದಿಂದ ಮಾನ್ವಿಗೆ ಸಿರವಾರದ ಮೇಲೆ ಹಾದಿ. ಹತ್ತಿಯ ಹೊಲಗಳು ಹಿಂದೆ ಸರಿದು, ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಬತ್ತದ ಗದ್ದೆಗಳು ಎದುರಾಗುತ್ತವೆ. ಮದುವೆಗೆ ಎರಡು ದಿನ ಮೊದಲೇ ಹೊರಟ ಸಂಸಾರ ಮಾನ್ವಿ ತಲುಪಿದೊಡನೆ ತಂದೆ ಮಗ ಇಬ್ಬರೂ ದರ್ಜಿಯ ಬಳಿ ಹೋದರು. ದರ್ಜಿ ಮುದುಕ, ಕನ್ನಡಕವನ್ನು ಹಣೆಗೇರಿಸಿ ಕೋಟನ್ನು ಒಳಹೊರಗು ಮಾಡಿ ನೋಡಿದನು. ಅವನು ಅಂದು ಆಡಿದ ಮಾತುಗಳು ಈ ಬಗೆಯ ಜಾಕೆಟ್ಟು ತೊಡಬೇಕೆಂಬ ಯಾವ ಗೃಹಸ್ಥನಿಗೂ ಉಪಯೋಗಕ್ಕೆ ಬಾರದಿರವು.

ಮೊದಲನೆಯದು ಹೆಗಲು. ತೋಳಿನ ಹೊಲಿಗೆ ಹೆಗಲಿನ ಮೂಳೆಯ ಅಂಚಿಗೆ ಸರಿಯಾಗಿ ಕೂಡಬೇಕು. ಉದ್ದವನ್ನು ಮೊಟಕು ಮಾಡಬಹುದು, ಪಕ್ಕಗಳನ್ನು ಒಳಗೆಳೆಯಬಹುದು. ಹೆಗಲು ಕೆಟ್ಟರೆ ಕೋಟೆಲ್ಲ ಬಿಚ್ಚಬೇಕು. “ಹೆಗಲು ಕೂತ್ರ ಕೋಟು ಕೂತಂಗ,” ಎಂಬುದು ಅವನ ಸೂತ್ರ. ತೋಳು ಮಣಿಕಟ್ಟಿಗೆ ಮುಗಿಯಬೇಕು. ಕೋಟಿನ ಅಂಚು ಸೊಂಟದಿಂದ ಒಂದು ಗೇಣಿಗಿಂತ ಕೆಳಗಿಳಿಯಬಾರದು. ಒಳಗೆ ಒಂದು ಅಂಗಿ ಹಿಡಿಯುವಷ್ಟು ಸಡಿಲಿದ್ದರೆ ಸಾಕು; ನಾಲ್ಕು ಕಿಸೆ ಇವೆಯೆಂದು ನಾಲ್ಕನ್ನೂ ತುಂಬಿದರೆ ಎಂಥ ಹೊಲಿಗೆಯೂ ಜೋತು ಬೀಳುತ್ತದೆ.

ಎರಡನೆಯದು ಬಟ್ಟೆ. ನಮ್ಮ ಸೀಮೆಗೆ ಅಸ್ತರಿಲ್ಲದ ಹತ್ತಿಯೇ ಸರಿ. ಕೊಳ್ಳುವ ಮುನ್ನ ಒಳಗೆ ಕೈಯಿಟ್ಟು ನೋಡಬೇಕು. ಕೈ ಜಾರಿದರೆ ಬೆವರೂ ಜಾರುತ್ತದೆ. ಒಗೆಯುವಾಗ ಒಳಹೊರಗು ಮಾಡಿ, ಒಣಗಿಸುವಾಗ ನೆರಳಿನಲ್ಲಿ ಹಾಕಿದರೆ ಬಣ್ಣ ಬಾಳುತ್ತದೆ. ಬೆಳಗಿನ ತಂಪಿನಲ್ಲಿ ತೊಟ್ಟು, ಬಿಸಿಲೇರಿದೊಡನೆ ಮಡಿಸಿ ತೋಳಿನ ಮೇಲೆ ಹಾಕಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ.

ಮೂರನೆಯದು ಸಂಗಡಿಗರು. ಮೈಯ ಮೇಲೆ ಸಿಪಾಯಿಯದು ಒಂದೇ ಇರಬೇಕು. ಜಾಕೆಟ್ಟಿನ ಜೊತೆಗೆ ಅದೇ ಬಣ್ಣದ ಆರು ಕಿಸೆಯ ಪ್ಯಾಂಟು, ಅದರ ಮೇಲೆ ಟೋಪಿ, ಕೆಳಗೆ ಬೂಟು ಸೇರಿದರೆ ಮನುಷ್ಯನು ಕಂಪನಿ ನಾಟಕದ ದ್ವಾರಪಾಲಕನಂತೆ ಕಾಣುತ್ತಾನೆ. ಒಳಗೆ ಬಿಳಿಯ ಅಥವಾ ತಿಳಿನೀಲಿಯ ಸಾದಾ ಅಂಗಿ, ಕೆಳಗೆ ಬೂದು ಇಲ್ಲವೆ ಕಡುನೀಲಿಯ ಪ್ಯಾಂಟು, ಕಾಲಿಗೆ ಕಂದು ಬಣ್ಣದ ಜೋಡು. ಹಸುರು ತಾನಾಗಿ ತಣ್ಣಗಾಗುತ್ತದೆ. ಮದುವೆಗೋ? ಬಿಳಿಯ ನೆಹರು ಶರ್ಟು, ಬಿಳಿಯ ಧೋತರ, ಮೇಲೆ ಗುಂಡಿ ಬಿಚ್ಚಿದ ಕೋಟು. ತರುಣನು ಹಿಂದೆಮುಂದೆ ನೋಡಿದನು. ದರ್ಜಿ ಗೋಡೆಯ ಮೇಲಿನ ತನ್ನ ತಂದೆಯ ಪಟವನ್ನು ತೋರಿಸಿದನು: ಕಚ್ಚೆ ಹಾಕಿದ ಧೋತರ, ತಲೆಗೆ ರುಮಾಲು, ಮೈಮೇಲೆ ಕೋಟು. ಧೋತರದ ಮೇಲೆ ಕೋಟು ತೊಡುವುದನ್ನು ಈ ಸೀಮೆಗೆ ಯಾವ ಹೊಸ ಫ್ಯಾಷನ್ನೂ ಕಲಿಸಬೇಕಾಗಿಲ್ಲ.

ಕೊನೆಗೆ ದರ್ಜಿಯ ಬೆರಳು ತೋಳಿನ ಮೇಲೆ ನಿಂತಿತು. ಮಾಸಿದ ಹಸುರಿನ ನಡುವೆ ಕೋನಾಕಾರದ ಮೂರು ಗೆರೆಗಳು ಕಡುಹಸುರಾಗಿ ಉಳಿದಿದ್ದವು. ಪಟ್ಟಿಗಳಿದ್ದ ಜಾಗಕ್ಕೆ ಅಷ್ಟು ವರ್ಷ ಬಿಸಿಲು ಮುಟ್ಟಿರಲಿಲ್ಲ.

“ಇದಕ್ಕ ಏನ್ ಮಾಡೋಣ್ರೀ? ಕಪ್ಪು ಬಣ್ಣ ಹಾಕಿಸಿದ್ರ ಮುಚ್ಚಿ ಹೋಗ್ತಾವ. ಇಲ್ಲಾ, ಮ್ಯಾಲೊಂದು ಕಿಸೆ ಹಚ್ಚಿ ಕೊಡ್ತೀನಿ.”

ತರುಣನು ತಂದೆಯ ಮುಖ ನೋಡಿದನು. ಈ ಒಂದು ವಾರದಲ್ಲಿ ಆತ ಗುರುತುಗಳ ವಿಷಯದಲ್ಲಿ ಅಂಜುವವನಾಗಿದ್ದನು. ತಂದೆ ಕೊಂಚ ಹೊತ್ತು ಆ ಗೆರೆಗಳನ್ನೇ ನೋಡಿದನು.

“ಇರ್ಲಿ ಬಿಡ್ರಿ ಮಾಸ್ತರ,” ಎಂದನು. “ಹಚ್ಚಿಕೊಂಡ್ರ ತಪ್ಪು. ಉಳಿದದ್ದಕ್ಕ ಯಾರೇನ್ ಮಾಡ್ತಾರ?”

ಮದುವೆಯ ಮನೆಯಲ್ಲಿ ತರುಣನನ್ನು ಕಂಡ ಅಜ್ಜಿ ಈ ಸಲ ಬೆಚ್ಚಲಿಲ್ಲ. ಅವನ ಕೋಟಿನ ತೋಳನ್ನು ಎರಡು ಬೆರಳುಗಳ ನಡುವೆ ಹಿಡಿದು, “ಇದು ನಮ್ಮ ಮನೀದು,” ಎಂದು ಪಕ್ಕದವಳಿಗೆ ಹೇಳಿದಳು.

ಸೋಮವಾರ ರಾಯಚೂರಿನಲ್ಲಿ ಗೆಳೆಯರು ಸುತ್ತ ನೆರೆದರು. ಹೊಸ ಜಾಕೆಟ್ಟೆಲ್ಲಿ, ಈ ಹಳೆಯದೆಲ್ಲಿಂದ ಬಂದಿತು, ಬಟ್ಟೆ ಮಾತ್ರ ಬಹಳ ಚೆನ್ನಾಗಿದೆಯಲ್ಲ, ಎಷ್ಟು ಬಿದ್ದಿತು ಎಂದು ಪ್ರಶ್ನೆಗಳ ಮಳೆ. ಹದಿನಾಲ್ಕು ವರ್ಷವೆಂದು ಹೇಳಬಹುದಾಗಿತ್ತು. ಆದರೆ ಅದು ತಾನು ಕೊಟ್ಟ ಬೆಲೆಯಲ್ಲವೆಂದು ತಿಳಿದ ತರುಣನು, “ನಮ್ಮಪ್ಪಂದು,” ಎಂದಷ್ಟೇ ಹೇಳಿ, ಅದನ್ನು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ ಕೆಲಸಕ್ಕೆ ಕುಳಿತನು.

ಸಂಕ್ರಾಂತಿಗೆ ಮತ್ತೆ ದೇವದುರ್ಗಕ್ಕೆ ಹೋದಾಗ ಹತ್ತಿಯ ಕೊನೆಯ ಬಿಡಿಸುವಿಕೆ ನಡೆದಿತ್ತು. ಇಬ್ಬನಿಯ ಸಾಲುಗಳ ನಡುವೆ ತಂದೆ ನಿಂತಿದ್ದನು. ಅವನ ಮೈಮೇಲೆ ಹದ್ದು ಹಾರಿಹೋದ, ಪಟ್ಟಿ ಕಳಚಿದ, ಸಾವಿರದ ಒಂಬೈನೂರು ರೂಪಾಯಿಯ ಆ ಪೇಟೆಯ ಜಾಕೆಟ್ಟು.

“ಮಂಜಿಗೆ ಚಲೋ ಐತಿ ತಮ್ಮಾ, ಒದ್ದಿ ಒಳಗ ಇಳ್ಯೋದಿಲ್ಲ,” ಎಂದು ತಂದೆ ಕೆಳಗಿನ ದೊಡ್ಡ ಕಿಸೆಯಿಂದ ಬುತ್ತಿಯ ಗಂಟನ್ನು ಹೊರತೆಗೆದನು. “ಕಿಸೇನೂ ದೊಡ್ಡವು ಅದಾವ.”